ನಿನ್ನನ್ನೊಂದು ಮಾತು ಕೇಳಬೇಕಿತ್ತು, ಮಗಳೇ

ಪ್ರೀತಿಯ ಪುಟ್ಟಿ,

ದೀಪಾವಳಿಗೆ ಬಂದಿದ್ದಾಗ ಹೋಳಿಗೆ ತಟ್ಟುತ್ತಾ ನೀನೊಂದು ಮಾತು ಹೇಳಿದೆ. "ಅಮ್ಮಾ, ಫೇಸ್‌ಬುಕ್ಕಲ್ಲಿ ಆ ಓಬವ್ವನ ಫೋಟೋ ಇನ್ನೂ ಇದೆಯಲ್ಲ, ಅದನ್ನ ತೆಗೀತೀಯಾ?" ನಾನು ಆಯ್ತು ಅಂದೆ. ನೀನು ಇನ್ನೊಂದು ಕಣಕದ ಉಂಡೆ ಕೈಗೆ ತಗೊಂಡೆ. ಮಾತು ಅಲ್ಲಿಗೇ ಮುಗಿಯಿತು.

ನೀನು ಮಂಗಳೂರಿನ ಬಸ್ಸು ಹತ್ತಿದ ರಾತ್ರಿ ಆ ಫೋಟೋ ಹುಡುಕಲು ಕೂತೆ. ಹುಡುಕುತ್ತಾ ಹೋದ ಹಾಗೆ ಒಂದರ ಹಿಂದೆ ಒಂದು ನಿನ್ನದೇ ಫೋಟೋ ಬರತೊಡಗಿದವು. ಆಮೇಲೆ ದಿನಾ ಊಟ ಮುಗಿಸಿ ಅದೇ ಕೆಲಸ. 11 ರಾತ್ರಿ ಆಯಿತು. ನಿನ್ನ ಬಗ್ಗೆ ನಾನು ಹಾಕಿದ ಪೋಸ್ಟುಗಳನ್ನು ಲೆಕ್ಕ ಇಟ್ಟೆ. 340 ದಾಟಿದ ಮೇಲೆ ಎಣಿಸಲು ಮನಸ್ಸಾಗಲಿಲ್ಲ.

ಮೊದಲು ಓಬವ್ವನ ವಿಷಯ ಹೇಳುತ್ತೇನೆ. 2011ರ ನವೆಂಬರ್ 1. ನೀನು ಯುಕೆಜಿ. ಅಜ್ಜಿಯ ಹಳೇ ಸೀರೆ ಹರಿದು ನಿನಗೆ ಕಚ್ಚೆ ಹಾಕಿದ್ದೆ. ರಟ್ಟಿನ ಒನಕೆಗೆ ಕಂದು ಕಾಗದ ಸುತ್ತಿದ್ದೆವು. ಹೈದರಾಲಿಯ ಸಿಪಾಯಿ ಆಗಿದ್ದ ಹುಡುಗ ನೀನು ಒನಕೆ ಎತ್ತಿದ ತಕ್ಷಣ ಬೀಳಬೇಕಿತ್ತು. ಬಿದ್ದ. ಬಿದ್ದವನ ಮೊಣಕೈ ಸ್ಟೇಜಿನ ಮೂಲೆಗೆ ತಾಗಿ ಅಳತೊಡಗಿದ. ನಿನ್ನ ಏಟಿನಿಂದಲೇ ಅವನಿಗೆ ಪೆಟ್ಟಾಯಿತು ಅಂದುಕೊಂಡು ನೀನೂ ಒನಕೆ ಬಿಸಾಕಿ ಅತ್ತೆ. ಆ ಗಳಿಗೆಯಲ್ಲಿ ನಾನು ಫೋಟೋ ತೆಗೆದೆ. ಓಡಿಬಂದು ನಿನ್ನನ್ನು ಎತ್ತಿಕೊಂಡಿದ್ದು ಆಮೇಲೆ. "ವೀರ ಓಬವ್ವನ ಕಣ್ಣೀರು" ಅಂತ ಬರೆದು ಹಾಕಿದೆ. 214 ಲೈಕು ಬಂದವು.

ನೀನು ಅತ್ತಿದ್ದು ಆ ಹುಡುಗನಿಗಾಗಿ. ಅದನ್ನು ನಾನು ಬರೆಯಲಿಲ್ಲ. ಬರೆದಿದ್ದರೆ ನಗು ಬರುತ್ತಿರಲಿಲ್ಲ.

2020ರಲ್ಲಿ ಶಾಲೆ ಮುಚ್ಚಿ ಕ್ಲಾಸೆಲ್ಲ ಮೊಬೈಲಿಗೆ ಬಂದಾಗ ನಿನ್ನ ಒಂಬತ್ತನೇ ಕ್ಲಾಸಿನ ಗ್ರೂಪಿನಲ್ಲಿ ಯಾರೋ ಆ ಮುಖವನ್ನು ಕತ್ತರಿಸಿ ವಾಟ್ಸಾಪ್ ಸ್ಟಿಕ್ಕರ್ ಮಾಡಿದರಂತೆ. ಯಾರಿಗೆ ಕಡಿಮೆ ಮಾರ್ಕ್ಸು ಬಂದರೂ, ಯಾರ ನೆಟ್ಟು ಹೋದರೂ ನಿನ್ನ ಆ ಅಳುಮುಖ. ಎರಡು ವರ್ಷ ಓಡಾಡಿತಂತೆ. ಇದನ್ನು ನೀನು ನನಗೆ ಹೇಳಲಿಲ್ಲ, ಮೊನ್ನೆ ನಿನ್ನ ತಮ್ಮ ಹೇಳಿದ. ಆ ಫೋಟೋ ಅವರಿಗೆ ಎಲ್ಲಿಂದ ಸಿಕ್ಕಿತು ಅಂತ ಯೋಚನೆಯೇ ಬೇಕಿರಲಿಲ್ಲ. ನನ್ನ ಗೋಡೆಯ ಮೇಲೆ, ಪಬ್ಲಿಕ್ ಅಂತ ಭೂಗೋಳದ ಗುರುತು ಹಾಕಿಕೊಂಡು, ಒಂಬತ್ತು ವರ್ಷ ಕೂತಿತ್ತು.

ನಿನಗೆ ಗೊತ್ತಲ್ಲ, ನನ್ನ ಕೆಲಸವೇ ಇದು. ಜನ ಮತ್ತು ಮಾಧ್ಯಮ ಅನ್ನುವ ಪೇಪರನ್ನು 14 ವರ್ಷದಿಂದ ಶಿವಮೊಗ್ಗದಲ್ಲಿ ಪಾಠ ಮಾಡುತ್ತಿದ್ದೇನೆ. ಹಾಗಾಗಿ ಗೊತ್ತಿರಲಿಲ್ಲ ಅನ್ನುವ ಮಾತು ನನಗೆ ಒಪ್ಪುವುದಿಲ್ಲ. ಆ 11 ರಾತ್ರಿ ಪೋಸ್ಟುಗಳ ತಾರೀಕನ್ನು ನನ್ನ ಪಾಠದ ನೋಟ್ಸಿನ ಪಕ್ಕ ಇಟ್ಟು ನೋಡಿದೆ. ಅದನ್ನೇ ನಿನಗೆ ಹೇಳಬೇಕು ಅಂತ ಈ ಪತ್ರ.

2014ರ ಜೂನಿನಲ್ಲಿ ಒಂದು ಸಂಶೋಧನೆ ದೊಡ್ಡ ಸುದ್ದಿಯಾಯಿತು. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಜನರ ಫೀಡನ್ನು, ಅಂದರೆ ಅವರಿಗೆ ಕಾಣುವ ಪೋಸ್ಟುಗಳ ಸಾಲನ್ನು, ಬದಲಾಯಿಸಿತ್ತು. ಕೆಲವರಿಗೆ ಖುಷಿಯ ಮಾತು ಕಡಿಮೆ ಕಾಣುವ ಹಾಗೆ, ಕೆಲವರಿಗೆ ಬೇಜಾರಿನ ಮಾತು ಕಡಿಮೆ ಕಾಣುವ ಹಾಗೆ. ಆಮೇಲೆ ಅವರು ಏನು ಬರೆಯುತ್ತಾರೆ ಅಂತ ನೋಡಿತು. ಖುಷಿಯ ಮಾತು ಕಡಿಮೆ ಕಂಡವರು ತಾವೂ ಸ್ವಲ್ಪ ಜಾಸ್ತಿ ಬೇಜಾರಿನ ಮಾತು ಬರೆದರು. ಪರಿಣಾಮ ಬಹಳ ಸಣ್ಣದು. ಆದರೆ ಜನ ಸಿಟ್ಟಾಗಿದ್ದು ಬೇರೆ ಕಾರಣಕ್ಕೆ. ಅಷ್ಟು ಜನರಲ್ಲಿ ಒಬ್ಬರನ್ನೂ ನೇರವಾಗಿ ಕೇಳಿರಲಿಲ್ಲ. ಆ ವರ್ಷ ಇದನ್ನು ಪಾಠ ಮಾಡುವಾಗ ಬೋರ್ಡಿನ ಮೇಲೆ ದೊಡ್ಡದಾಗಿ "ಒಪ್ಪಿಗೆ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಅದೇ ದಿನ ಸಂಜೆ, ಜ್ವರದಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ ನಿನ್ನ ಫೋಟೋ ಹಾಕಿದ್ದೇನೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಆ ಕೇಸಿಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ ಅವರು ಕೋರ್ಟಿಗೆ ಹೋದಾಗ ವಯಸ್ಸು 86. ಆ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಗಂಟಲು ತುಂಬಿ ಬಂದಿತ್ತು. ಒಂದು ವಾರ ಪೂರ್ತಿ ಅದನ್ನೇ ಪಾಠ ಮಾಡಿದೆ.

ಮುಂದಿನ ವರ್ಷ ನಾನು ಬರೆದ ಒಂದು ಪೋಸ್ಟಿದೆ. ನೀನು ಅದನ್ನು ತೆಗಿ ಅಂತ ಕೇಳಲಿಲ್ಲ. ಕೇಳುವುದೂ ನಿನಗೆ ಕಷ್ಟವಾಗಿರಬೇಕು.

ನೀನು ದೊಡ್ಡವಳಾದ ದಿನ ಅಜ್ಜಿ ತೀರ್ಥಹಳ್ಳಿಯಿಂದ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಮಾಡಿಕೊಂಡು ಬಂದಳು. ಐದು ಜನ ಮುತ್ತೈದೆಯರನ್ನು ಕರೆದು ಆರತಿ ಮಾಡೋಣ ಅಂದಳು. ನೀನು ಬೇಡ ಅಂದೆ, ನಾನೂ ಬೇಡ ಅಂದೆ. ಅಜ್ಜಿಗೆ ಬೇಜಾರಾಯಿತು, ಆದರೆ ಒಪ್ಪಿದಳು. ನೀನು ಚಿಗಳಿ ತಿಂದು ಮಲಗಿದೆ. ಅಲ್ಲಿಗೇ ಮುಗಿಯಬೇಕಿತ್ತು. ಆ ರಾತ್ರಿ ನಾನು "ನಮ್ಮ ಮನೆಯಲ್ಲಿ ಆರತಿ ಮಾಡಲಿಲ್ಲ" ಅಂತ ಉದ್ದಕ್ಕೆ ಬರೆದು ಹಾಕಿದೆ. ಹೆಣ್ಣುಮಗುವಿನ ದೇಹ ಊರಿಗೆಲ್ಲ ಸಾರುವ ವಿಷಯವಲ್ಲ ಅಂತ ಅದರಲ್ಲಿ ಒಂದು ಸಾಲಿದೆ. ಸಾವಿರಕ್ಕೂ ಮೇಲೆ ಲೈಕು ಬಂದವು. ಎಷ್ಟೋ ಜನ ಹಂಚಿಕೊಂಡರು. ಅಜ್ಜಿಯ ಆರತಿ ಆಗಿದ್ದರೆ ಐದು ಮನೆಗೆ ಗೊತ್ತಾಗುತ್ತಿತ್ತು.

ಮೊನ್ನೆ ಆ ಲೈಕು ಒತ್ತಿದವರ ಪಟ್ಟಿ ನೋಡುತ್ತಾ ಹೋದೆ. ನನ್ನ ಕಾಲೇಜಿನವರು, ಅಪ್ಪನ ಆಫೀಸಿನವರು, ನಿನ್ನ ಗಣಿತದ ಟ್ಯೂಷನ್ ಸರ್. ಆ ವಾರ ನೀನು ಹೊಟ್ಟೆನೋವು ಅಂತ ಟ್ಯೂಷನ್ ತಪ್ಪಿಸಿದ್ದೆ. ಮುಂದಿನ ವಾರ, ಗಣಿತ ನಾನೇ ಓದಿಕೊಳ್ತೀನಿ ಅಂದೆ. ಹಟಮಾರಿ ಅಂತ ನಿನ್ನನ್ನು ಬೈದಿದ್ದೆ. ಪುಟ್ಟಿ, ಎರಡನ್ನೂ ಜೋಡಿಸಿ ನೋಡಲು ನನಗೆ ಏಳು ವರ್ಷ ಬೇಕಾಯಿತು. ಆ ಬೈಗುಳಕ್ಕೂ ಆ ಪೋಸ್ಟಿಗೂ ನನ್ನನ್ನು ಕ್ಷಮಿಸು.

ಯಾಕೆ ಹೀಗಾಯಿತು ಅಂತ ಯೋಚಿಸಿದ್ದೇನೆ. ಪ್ರೀತಿಯಿಂದ ಹಾಕಿದೆ ಅನ್ನುವುದು ನಿಜ, ಆದರೆ ಅದು ಅರ್ಧ ನಿಜ. ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂದಿದ್ದು 2009ರ ಫೆಬ್ರವರಿಯಲ್ಲಿ. ನಾನು ಖಾತೆ ತೆರೆದಿದ್ದು ಮರುವರ್ಷ. ಹಾಗಾಗಿ ಎಣಿಕೆ ಇಲ್ಲದ ಫೇಸ್‌ಬುಕ್ಕನ್ನು ನಾನು ನೋಡಿಯೇ ಇಲ್ಲ. ಓದಿದ ಪುಸ್ತಕದ ಬಗ್ಗೆ ಬರೆದರೆ 12, 15 ಲೈಕು. ನಿನ್ನ ಬಗ್ಗೆ ಬರೆದರೆ 200. ಯಾರೂ ನನಗೆ ನಿನ್ನ ಬಗ್ಗೆ ಬರಿ ಅಂತ ಹೇಳಲಿಲ್ಲ. ಆದರೂ ವರ್ಷದಿಂದ ವರ್ಷಕ್ಕೆ ಪುಸ್ತಕದ ಪೋಸ್ಟು ಕಡಿಮೆಯಾಗಿವೆ, ನಿನ್ನವು ಜಾಸ್ತಿಯಾಗಿವೆ. ನೀನೇನಾದರೂ ಮುದ್ದಾಗಿ ಮಾತಾಡಿದರೆ ನಾನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ. ಒಂದು ಸಲ ನೀನು "ಅಮ್ಮಾ, ಇದನ್ನ ಬರೀಬೇಡ, ಸುಮ್ನೆ ಹೇಳ್ತಿದೀನಿ" ಅಂದಿದ್ದೆ. ಆಗ ನಿನಗೆ ಎಂಟು ವರ್ಷ. ಅದನ್ನೂ ಬರೆದು ಹಾಕಿದ್ದೇನೆ.

ಅಜ್ಜಿಮನೆಯ ಒಳಗೆ ನೀನು ಓಡಾಡಿ ಬೆಳೆದವಳು. ಅಡಿಕೆ ರೇಟು, ಮಳೆ, ಕೋರ್ಟು ಕಚೇರಿ ಎಲ್ಲ ಜಗಲಿಯ ಮಾತು. ಮದುವೆಯ ಮಾತು ನಡುಮನೆಗೆ ಬರುತ್ತಿತ್ತು. ಯಾರ ಮಗಳಿಗೆ ಎಷ್ಟು ತಿಂಗಳು ಅನ್ನುವುದು ಅಡುಗೆಮನೆಯ ಒಲೆಯ ಮುಂದೆ. ಹೆಂಗಸರು ಅಳುತ್ತಿದ್ದಿದ್ದು ಹಿತ್ತಲಲ್ಲಿ, ಪಾತ್ರೆ ತೊಳೆಯುವಾಗ. ಆ ಮನೆಯಲ್ಲಿ ಗುಟ್ಟು ಇರಲಿಲ್ಲ ಅಂತ ಹೇಳುವುದಿಲ್ಲ, ಚಾಡಿಯೂ ಇತ್ತು, ಎಷ್ಟೋ ಹೆಂಗಸರ ಬಾಯಿ ಮುಚ್ಚಿಸಿದ ಮನೆಯೂ ಅದೇ. ಆದರೆ ಯಾವ ಮಾತು ಎಲ್ಲಿಯದು ಅಂತ ಎಲ್ಲರಿಗೂ ಗೊತ್ತಿತ್ತು. ಅಡುಗೆಮನೆಯ ಮಾತು ಜಗಲಿಗೆ ಬಂದರೆ ಅಜ್ಜಿ ಒಂದು ಸಲ ಕೆಮ್ಮುತ್ತಿದ್ದಳು, ಸಾಕು. ಸಾಮಾಜಿಕ ಜಾಲತಾಣದಲ್ಲಿ ಈ ಗೋಡೆಗಳೆಲ್ಲ ಒಟ್ಟಿಗೇ ಬಿದ್ದುಹೋಗುತ್ತವೆ. ನೆಂಟರು, ಮೇಷ್ಟ್ರು, ಗೆಳತಿ, ಗುರುತೇ ಇಲ್ಲದವರು ಎಲ್ಲರೂ ಒಂದೇ ಜಗಲಿಯಲ್ಲಿ. ಡಾನಾ ಬಾಯ್ಡ್, ಆಲಿಸ್ ಮಾರ್ವಿಕ್ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು ಇದರ ಬಗ್ಗೆ 2011ರಲ್ಲೇ ಬರೆದಿದ್ದಾರೆ. ನಾನು ಅದನ್ನು ನಮ್ಮ ಅಜ್ಜಿಮನೆಯ ಉದಾಹರಣೆ ಕೊಟ್ಟೇ ಪಾಠ ಮಾಡುತ್ತೇನೆ. ಹುಡುಗರಿಗೆ ತಕ್ಷಣ ಅರ್ಥವಾಗುತ್ತದೆ.

ಅಜ್ಜಿ ನಿನ್ನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳಲ್ಲ, ಫೋಟೋ ಚೆನ್ನಾಗಿ ಬರಲಿ ಅಂತ ನಾನು ಅದನ್ನು ಒರೆಸುತ್ತಿದ್ದೆ. ದೃಷ್ಟಿಯನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಮಗುವನ್ನು ಎಲ್ಲರ ಕಣ್ಣೆದುರು ಇಡುವಾಗ ಒಂದು ಕ್ಷಣ ಹಿಂಜರಿಯಬೇಕು ಅನ್ನುವುದು ಅವಳಿಗೆ ಗೊತ್ತಿತ್ತು.

ಕಾನೂನು ನಿನ್ನ ಸಹಾಯಕ್ಕೆ ಬರುತ್ತಿತ್ತೇ ಅಂತಲೂ ನೋಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು. ಮಕ್ಕಳ ಮಾಹಿತಿ ಬಳಸಲು ಕಂಪನಿಗಳು ಅಪ್ಪ ಅಮ್ಮನ ಒಪ್ಪಿಗೆ ಪಡೆಯಬೇಕು. ಒಳ್ಳೆಯದೇ. ಆದರೆ ಅಪ್ಪ ಅಮ್ಮನೇ ಹಾಕಿದರೆ? ವ್ಯಕ್ತಿಯೊಬ್ಬರು ಸ್ವಂತಕ್ಕೆ, ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ಕಾಯ್ದೆ ಹೊರಗಿಟ್ಟಿದೆ. ಬಾಗಿಲು ಕಾಯಲು ನನ್ನನ್ನು ನಿಲ್ಲಿಸಿದೆ, ನಾನೇ ಬಾಗಿಲು ತೆರೆದಿಟ್ಟರೆ ಕೇಳುವವರಿಲ್ಲ. ಫ್ರಾನ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಮಕ್ಕಳ ಚಿತ್ರದ ಹಕ್ಕಿನ ಬಗ್ಗೆಯೇ ಒಂದು ಕಾನೂನು ಬಂತು. ಮಗುವಿನ ಫೋಟೋದ ಹಕ್ಕನ್ನು ಕಾಪಾಡುವುದು ಅಪ್ಪ ಅಮ್ಮನ ಕರ್ತವ್ಯ ಅಂತ ಅದು ಹೇಳುತ್ತದೆ. ನಮ್ಮಲ್ಲೂ ಅಂಥದ್ದು ಬರಬೇಕು ಅಂತ ನನ್ನ ಆಸೆ.

ಜಾಲತಾಣವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಜ್ಜಿಗೆ ಆಪರೇಷನ್ ಆದ ದಿನ ವಾಟ್ಸಾಪ್ ಸ್ಟೇಟಸ್ ನೋಡಿ ಗುರುತಿಲ್ಲದ ಮೂವರು ಹುಡುಗರು ರಕ್ತ ಕೊಡಲು ಬಂದು ನಿಂತಿದ್ದರು. ಅದನ್ನು ನಾನು ಮರೆಯುವುದಿಲ್ಲ.

ಈಗ ಏನು ಮಾಡಿದ್ದೇನೆ ಅಂತ ಕೇಳು. ನಾನು ಹಾಕಿದ್ದೆಲ್ಲ ಪಟ್ಟಿಯಾಗಿ ಸಿಗುವ ಆ್ಯಕ್ಟಿವಿಟಿ ಲಾಗಿಗೆ ಹೋಗಿ ವರ್ಷದ ಪ್ರಕಾರ ಒಂದೊಂದೇ ಅಳಿಸಿದೆ. ಅಳಿಸಿದ್ದು 30 ದಿನ ಕಸದಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಹೋಗುತ್ತದೆ. ಐದನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನು ಎಲ್ಲಕ್ಕಿಂತ ಮೊದಲು ತೆಗೆದೆ. ಅದರಲ್ಲಿ ನಿನ್ನ ಪೂರ್ತಿ ಹೆಸರು, ಹುಟ್ಟಿದ ದಿನ, ಶಾಲೆ, ನಮ್ಮಿಬ್ಬರ ಹೆಸರು ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರೆ ಅದು ನನ್ನ ಕೈಯಲ್ಲಿಲ್ಲ. ದೊಡ್ಡಮ್ಮ, ಮಾವ, ಅತ್ತೆಯರಿಗೆಲ್ಲ ನಾನೇ ಫೋನ್ ಮಾಡಿ, ಅವರು ಹಾಕಿದ ನಿನ್ನ ಫೋಟೋಗಳನ್ನೂ ತೆಗೆಸಿದೆ. ಅತ್ತೆ ಸ್ವಲ್ಪ ಮುನಿಸಿಕೊಂಡಿದ್ದಾರೆ. ಅದು ನನ್ನ ಜವಾಬ್ದಾರಿ, ನೀನು ತಲೆ ಕೆಡಿಸಿಕೊಳ್ಳಬೇಡ. ತಮ್ಮನನ್ನು ಕೂರಿಸಿಕೊಂಡು ಅವನ ಫೋಟೋಗಳನ್ನೂ ತೋರಿಸಿದೆ. ಅವನು ನಾಲ್ಕು ಇರಲಿ ಅಂದ, ಉಳಿದವು ಬೇಡ ಅಂದ.

ಓಬವ್ವನ ಫೋಟೋವನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಈ ಕವರಿನಲ್ಲಿ ಇಟ್ಟಿದ್ದೇನೆ. ಹಿಂದುಗಡೆ, ಆ ದಿನ ನೀನು ಯಾಕೆ ಅತ್ತೆ ಅಂತ ಬರೆದಿದ್ದೇನೆ. ಹರಿದು ಹಾಕಬೇಕು ಅನಿಸಿದರೆ ಹರಿದು ಹಾಕು.

ಇನ್ನೊಂದು. ಈ ಪತ್ರವನ್ನು ಬೇರೆ ಅಮ್ಮಂದಿರೂ ಓದಿದರೆ ಒಳ್ಳೆಯದು ಅನಿಸುತ್ತಿದೆ. ಪ್ರಿಂಟಿನ ಬದಲು ಕೈಯಲ್ಲೇ ಬರೆದು ಅಂಚಿಗೆ ಜಾಗ ಬಿಟ್ಟಿದ್ದೇನೆ. ಬೇಡ ಅನಿಸಿದ ಸಾಲನ್ನು ಹೊಡೆದು ಹಾಕು. ಆರತಿಯ ವಿಷಯ ಪೂರ್ತಿ ಹೊಡೆದು ಹಾಕಿದರೂ ಸರಿ. ಪೂರ್ತಿ ಪತ್ರವೇ ಬೇಡ ಅಂದರೆ ಇದು ನಮ್ಮಿಬ್ಬರಲ್ಲೇ ಇರುತ್ತದೆ. ನೀನು ಹೂಂ ಅನ್ನುವವರೆಗೆ ಅಪ್ಪನಿಗೂ ತೋರಿಸುವುದಿಲ್ಲ.

ಒಂದು ಪೋಸ್ಟು ಮಾತ್ರ ಅಳಿಸಲು ಕೈ ಬರಲಿಲ್ಲ. 2016ರ ಜನವರಿಯದು. ನೀನೂ ಅಜ್ಜಿಯೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದೀರಿ. ನಿನ್ನ ಮಡಿಲ ತುಂಬಾ ಸಿಪ್ಪೆ. ಒಂದು ಕಾಳು ಹಾರಿ ಅಜ್ಜಿಯ ಕನ್ನಡಕಕ್ಕೆ ಬಡಿದು ಇಬ್ಬರೂ ನಗುತ್ತಿದ್ದೀರಿ. ಅದರ ಕೆಳಗೆ 60 ಕಾಮೆಂಟುಗಳಿವೆ. ಶೇಷಣ್ಣ ಮಾವನದ್ದಿದೆ, ಹೊಸಮನೆ ಅತ್ತೆಯದ್ದಿದೆ. ಇಬ್ಬರೂ ಈಗಿಲ್ಲ. ಅಜ್ಜಿಯೂ ಇಲ್ಲ. ಫೋಟೋವನ್ನು ಇಳಿಸಿಕೊಳ್ಳಬಹುದು, ಆದರೆ ಪೋಸ್ಟು ಅಳಿಸಿದರೆ ಅವರ ಮಾತುಗಳೂ ಹೋಗುತ್ತವೆ. ಸದ್ಯಕ್ಕೆ ನನಗೊಬ್ಬಳಿಗೇ ಕಾಣುವ ಹಾಗೆ ಮಾಡಿಟ್ಟಿದ್ದೇನೆ. ಅದರಲ್ಲಿ ಇರುವುದು ನಿನ್ನ ಮುಖ. ಸಂಕ್ರಾಂತಿಗೆ ಬಂದಾಗ ಒಟ್ಟಿಗೆ ಕೂತು ನೋಡೋಣ, ಆಮೇಲೆ ನೀನು ಹೇಳಿದ ಹಾಗೆ ಮಾಡುತ್ತೇನೆ.

ಪ್ರೀತಿಯಿಂದ,
ಅಮ್ಮ