ಮುಂದೂಡಿಕೆ ಹಕ್ಕಲ್ಲ

ಮಾನ್ಯರೇ,

ಇಟಲಿಯ ಮಿಲಾನ್‌ನಲ್ಲಿ ಲಿಯೊನ್‌ಕವಾಲ್ಲೊ ಸಾಮಾಜಿಕ ಕೇಂದ್ರವನ್ನು (ಖಾಲಿ ಕಟ್ಟಡ ಹಿಡಿದು ಜನರೇ ನಡೆಸುವ ಸಾಂಸ್ಕೃತಿಕ, ರಾಜಕೀಯ ತಾಣ) ತೆರವುಗೊಳಿಸಿದ್ದು ಖಂಡನೀಯ; ಆದರೆ ಬೆಂಬಲಿಗರು ಬಾಗಿಲು ಕಾಯುವುದರಿಂದಷ್ಟೇ ಅದು ಉಳಿಯುತ್ತಿರಲಿಲ್ಲ. 1975ರಲ್ಲಿ ಹುಟ್ಟಿದ ಕೇಂದ್ರ 1994ರಿಂದ ಖಾಸಗಿ ಕಟ್ಟಡವೊಂದರಲ್ಲಿ ಮಾಲೀಕರ ಒಪ್ಪಿಗೆಯಿಲ್ಲದೆ ನೆಲೆಸಿತ್ತು. ತೆರವು ನೂರಕ್ಕೂ ಹೆಚ್ಚು ಬಾರಿ ಮುಂದಕ್ಕೆ ಹೋಗಿತ್ತು. ಈ ವಿಳಂಬಕ್ಕಾಗಿ ಮಾಲೀಕರಿಗೆ ಸುಮಾರು 30 ಲಕ್ಷ ಯೂರೊ ಕೊಡುವಂತೆ 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಗೃಹ ಇಲಾಖೆಗೆ ಆದೇಶಿಸಿತು. ಅಲ್ಲಿಗೆ ಸರ್ಕಾರದ ತಾಳ್ಮೆ ಮುಗಿಯಿತು. ಸೆಪ್ಟೆಂಬರ್ 9ಕ್ಕೆ ನಿಗದಿಯಾಗಿದ್ದ ತೆರವು 2025ರ ಆಗಸ್ಟ್ 21ರಂದೇ, ಊರಿಗೆ ಊರೇ ಬೇಸಿಗೆ ರಜೆಯಲ್ಲಿದ್ದಾಗ ನಡೆದುಹೋಯಿತು.

ಇಟಲಿಯದೇ ನೇಪಲ್ಸ್ ನಗರದ ಪಾಲಿಕೆ 2016ರಲ್ಲಿ ಇಂಥ ಏಳು ತಾಣಗಳನ್ನು ನಿರ್ಣಯದ ಮೂಲಕ ಸಮುದಾಯದ ಸ್ವತ್ತೆಂದು ಮಾನ್ಯ ಮಾಡಿತು. ಪಾಲಿಕೆಯದೇ ಕಟ್ಟಡಗಳಾದ್ದರಿಂದ ಅದು ಸಾಧ್ಯವಾಯಿತೆನ್ನಿ. ಖಾಸಗಿ ಜಾಗದಲ್ಲಿರುವ ಕೇಂದ್ರಗಳು, ಪರ್ಯಾಯ ಕಟ್ಟಡದ ಗುತ್ತಿಗೆ ಪತ್ರ ಕೈಸೇರುವವರೆಗೆ ತೆರವು ಕೂಡದೆಂದು ಪಾಲಿಕೆ ಮತ್ತು ಮಾಲೀಕರೊಂದಿಗೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಲಿ.

– ಓದುಗ, ಧಾರವಾಡ