ಎರಡೇ ದಿನದಲ್ಲಿ ಮುಗಿದ ಪರಿಶೀಲನೆ

ಮಾನ್ಯ ಸಂಪಾದಕರೇ,

ದ್ರಾಕ್ಷಿಯ ಬೂದಿರೋಗ ಕುರಿತು ನನ್ನ ಮಗಳು ಬರೆದ ಸಂಶೋಧನಾ ಪ್ರಬಂಧವನ್ನು ನಿಯತಕಾಲಿಕೆಯೊಂದು ಎರಡೇ ದಿನದಲ್ಲಿ ‘ತಜ್ಞರು ಒಪ್ಪಿದ್ದಾರೆ’ ಎಂದು ಸ್ವೀಕರಿಸಿ, ಅದೇ ಇ-ಮೇಲ್‌ನಲ್ಲಿ ಹಣ ಕಟ್ಟಲು ಸೂಚಿಸಿತು. ಕೋಷ್ಟಕವೊಂದರಲ್ಲಿ ಶೇಕಡಾವಾರು ಲೆಕ್ಕ ಕೂಡಿದರೆ 112 ಆಗುತ್ತಿದ್ದುದನ್ನು ಆ ‘ತಜ್ಞರು’ ಯಾರೂ ಗಮನಿಸಿರಲಿಲ್ಲ.

ನಿಜವಾದ ಪರಿಶೀಲನೆಯಲ್ಲಿ ಸಂಪಾದಕರು ಮೊದಲು ತಾವೇ ಓದಿ, ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ, ಹಲವೆಡೆ ಲೇಖಕರ ಹೆಸರು ಮರೆಮಾಡಿ, ಕಳಿಸುತ್ತಾರೆ. ಅವರು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ಓದಿ ಎತ್ತುವ ಆಕ್ಷೇಪಗಳಿಗೆ ಲೇಖಕರು ಒಂದೊಂದಾಗಿ ಉತ್ತರಿಸಬೇಕಾಗುವುದರಿಂದ ತಿಂಗಳುಗಟ್ಟಲೆ ಹಿಡಿಯುವುದು ಸಹಜ.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರಲ್ಲಿ, ತಾನು ಮಾನ್ಯ ಮಾಡಿದ ಸಂಶೋಧನಾ ನಿಯತಕಾಲಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟು, ನಿಯತಕಾಲಿಕೆಗಳನ್ನು ಅಳೆಯುವ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ವಹಿಸಿದೆ. ಹೀಗಿರುವಾಗ ವಿಜಯಪುರ, ಬೆಳಗಾವಿಯ ವಿಶ್ವವಿದ್ಯಾಲಯಗಳು ಪ್ರಕಟಿತ ಪ್ರಬಂಧದ ಜೊತೆಗೆ ಪರಿಶೀಲಕರ ಟಿಪ್ಪಣಿಗಳನ್ನೂ ಕೇಳಿ ಪಡೆಯಬೇಕು.

– ಓದುಗರೊಬ್ಬರು, ವಿಜಯಪುರ