ಹಕ್ಕುಪತ್ರದ ಜೊತೆಗೆ ಊರಿನ ಚರಿತ್ರೆಯೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪ್ ಎಂದೆಲ್ಲ ಕರೆಯಲಾಗುವ ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ರಾಜ್ಯದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ನೀಡುವ ಸಮಾರಂಭಗಳು ನಡೆದವು. ತಲೆಮಾರುಗಳಿಂದ ಬಾಳಿ ಬದುಕಿದ ಮನೆಯ ನೆಲ ಕಾಗದದಲ್ಲಿ ಬೇರೆಯವರದಾಗಿಯೇ ಉಳಿದಿದ್ದ ಅನ್ಯಾಯ ಹೀಗೆ ಸರಿಯಾಗುತ್ತಿರುವುದು ತುಂಬ ಸಂತೋಷದ ಸಂಗತಿ. ಆದರೆ ಈ ಊರುಗಳನ್ನು ಯಾರು, ಎಲ್ಲಿಂದ ಬಂದು, ಯಾವ ಕಾರಣಕ್ಕೆ ಕಟ್ಟಿದರು ಎಂಬುದನ್ನು ಬರೆದಿಡುವ ಏರ್ಪಾಡು ಈ ಪ್ರಕ್ರಿಯೆಯಲ್ಲಿ ಕಾಣುತ್ತಿಲ್ಲ. ಆ ಕೊರತೆಯ ಕಡೆಗೆ ಸರ್ಕಾರದ ಮತ್ತು ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಹಳೆಯ ಹಳ್ಳಿಗಳಲ್ಲಿ ಅನೇಕಕ್ಕೆ ಚರಿತ್ರೆಯ ಆಧಾರಗಳಿವೆ. ಕೆರೆಯ ಏರಿಯ ಮೇಲೋ ಗುಡಿಯ ಅಂಗಳದಲ್ಲೋ ನಿಂತಿರುವ ಶಾಸನ ಕೆರೆ ಕಟ್ಟಿಸಿದವನ ಹೆಸರನ್ನು, ದತ್ತಿಯಾಗಿ ಬಿಟ್ಟ ಗದ್ದೆಯನ್ನು, ಊರಿನ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುತ್ತದೆ. ತುರುಗಳನ್ನು ಕಾಯುತ್ತ ಸತ್ತವನ ನೆನಪನ್ನು ವೀರಗಲ್ಲು ಉಳಿಸಿದೆ. ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ಶಾಸನ ಸಂಪುಟಗಳಿಂದಾಗಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳ ಪಾಠ ಇಂದಿಗೂ ಓದಲು ಸಿಗುತ್ತದೆ. ಅದಕ್ಕೂ ಮೊದಲು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರಿನ ಭೂಮಾಪನ ಕೈಗೊಂಡ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರಿನ ಹಿರಿಯರನ್ನೂ ಶ್ಯಾನುಭೋಗರನ್ನೂ ಕೇಳಿ ಕೈಫಿಯತ್ತುಗಳನ್ನು, ಅಂದರೆ ಊರಿನ ಚರಿತ್ರೆಯ ಹೇಳಿಕೆಗಳನ್ನು, ಬರೆಸಿಕೊಂಡಿದ್ದರು. ಅವುಗಳಲ್ಲಿ ಐತಿಹ್ಯ, ಉತ್ಪ್ರೇಕ್ಷೆ ಬೇಕಾದಷ್ಟು ಬೆರೆತಿರುವುದು ನಿಜ. ಆದರೂ ಕಾಡು ಕಡಿದು ಊರು ಕಟ್ಟಿದವರು ಯಾರು, ಗೌಡಿಕೆ ಯಾರ ಮನೆಗೆ ಬಂತು, ಕೆರೆ ಒಡೆದಾಗ ಏನಾಯಿತು ಎಂಬಂಥ ಸಂಗತಿಗಳು ಬೇರೆಲ್ಲೂ ಸಿಗುವುದಿಲ್ಲ.

ತಾಂಡಾಗಳಿಗೆ ಇಂಥ ಕಲ್ಲೂ ಇಲ್ಲ, ಕಡತವೂ ಇಲ್ಲ. ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತ, ಮೊಗಲರ ಕಾಲದಿಂದ ಸೈನ್ಯಗಳಿಗೂ ದವಸ ಒದಗಿಸುತ್ತ ಇಡೀ ದಖ್ಖನನ್ನು ಸುತ್ತಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿರಸ್ತೆಗಳೂ ರೈಲೂ ಬಂದ ಮೇಲೆ ಆ ವ್ಯಾಪಾರ ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮುಂದೆ ದಕ್ಷಿಣಕ್ಕೂ ವಿಸ್ತರಿಸಿದಾಗ ಅವರ ಕೆಲವು ಗುಂಪುಗಳು ಪೊಲೀಸರ ಕಣ್ಗಾವಲಿಗೆ ಒಳಗಾದವು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಬದುಕಿನ ಆಧಾರ ಕಳೆದುಕೊಂಡ ಈ ಜನ ಊರಾಚೆಯ ಗುಡ್ಡದ ಬುಡದಲ್ಲಿ, ಕಾಡಂಚಿನಲ್ಲಿ ನೆಲೆ ನಿಂತರು. ಅನೇಕ ತಾಂಡಾಗಳಿಗೆ ಮೊದಲು ಬಂದ ನಾಯಕನ ಹೆಸರೇ ಉಳಿದಿದೆ. ಅವನು ಯಾವ ದಾರಿಯಲ್ಲಿ ಬಂದ, ಬಾವಿ ತೋಡುವ ಮೊದಲು ನೀರಿಗೆ ಎಲ್ಲಿಗೆ ಹೋಗುತ್ತಿದ್ದರು, ಪಕ್ಕದ ಊರಿನವರು ಒಪ್ಪಿದ್ದು ಹೇಗೆ ಎಂಬುದೆಲ್ಲ ಈಗ ಬದುಕಿರುವ ಮುದುಕರ ಬಾಯಲ್ಲಿ ಮತ್ತು ಹೆಂಗಸರ ಹಾಡುಗಳಲ್ಲಿ ಮಾತ್ರ ಇದೆ. ಗೊಲ್ಲರಹಟ್ಟಿಗಳ ಸ್ಥಿತಿಯೂ, ರಕ್ಷಿತಾರಣ್ಯದಿಂದ ಹೊರಬಂದ ಜೇನುಕುರುಬರ ಹಾಡಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಇನ್ನು ನಮ್ಮ ಕಣ್ಣೆದುರೇ ಹುಟ್ಟಿದ ಊರುಗಳಿವೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದ ರೈತರು ಗಂಗಾವತಿ, ಸಿಂಧನೂರು ಭಾಗಗಳಿಗೆ ಬಂದು ಎರೆಭೂಮಿಯನ್ನು ಕೊಂಡು, ಭತ್ತದ ಗದ್ದೆ ಮಾಡಿ, ಹೊಲದ ನಡುವೆಯೇ ಗುಡಿಸಲು ಹಾಕಿಕೊಂಡರು. ಆ ಕ್ಯಾಂಪ್‌ಗಳು ಇಂದು ಶಾಲೆ, ಗುಡಿ, ಅಕ್ಕಿ ಗಿರಣಿಗಳಿರುವ ಊರುಗಳಾಗಿವೆ. ಅದೇ ಸಿಂಧನೂರಿನ ಬಳಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ಗಳೂ ಇವೆ. ಮಲೆನಾಡಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳು ಮುಳುಗಿ, ಅಲ್ಲಿಯ ಜನ ದೂರದ ಕಾಡುಗಳಲ್ಲಿ ಹೊಸದಾಗಿ ಬದುಕು ಕಟ್ಟಬೇಕಾಯಿತು. ಅವರಲ್ಲಿ ಅನೇಕರು ಭೂಮಿಯ ಹಕ್ಕಿಗಾಗಿ ಇನ್ನೂ ಹೋರಾಡುತ್ತಿದ್ದಾರೆ. ಹೀಗೆ ಒಂದು ಕಡೆ ಬೆಳಕು ಮತ್ತು ನೀರು ಕೊಡಲೆಂದು ಇನ್ನೊಂದು ಕಡೆಯ ಊರು ಹಾಳಾದದ್ದು ನಾಡಿನ ಚರಿತ್ರೆಯ ಭಾಗವೇ ಹೌದು. ಆ ಊರುಗಳ ಜನಕ್ಕೆ ಅದನ್ನು ತಮ್ಮ ಮಾತಿನಲ್ಲಿ ಹೇಳುವ ಅವಕಾಶ ಸಿಗಲೇಬೇಕು.

ಊರುಗಳು ಅಳಿಯುವ ಬಗೆಯನ್ನೂ ಇಲ್ಲಿ ನೆನೆಯಬೇಕು. ರಾಜ್ಯದ ಸುಮಾರು 29 ಸಾವಿರ ಗ್ರಾಮಗಳಲ್ಲಿ 1,900ಕ್ಕೂ ಹೆಚ್ಚು ಗ್ರಾಮಗಳಲ್ಲಿ ಜನವಸತಿಯೇ ಇಲ್ಲವೆಂದು 2011ರ ಜನಗಣತಿ ತೋರಿಸುತ್ತದೆ. ಇವೇ ಬೇಚಿರಾಕ್ ಗ್ರಾಮಗಳು. ಅಂದರೆ ಜನರಿಲ್ಲದ ಊರಿಗೆ ಸರ್ವೆ ನಂಬರೂ ನಕ್ಷೆಯೂ ಇದ್ದವು, ಜನರಿರುವ ತಾಂಡಾಕ್ಕೆ ಮಾತ್ರ ಅವು ಇರಲಿಲ್ಲ! ಕ್ಷಾಮ, ಪ್ಲೇಗು, ಕೆರೆ ಒಡೆದದ್ದು, ದಾಯಾದಿ ಜಗಳ ಹೀಗೆ ಊರು ಬಿಡಲು ಕಾರಣಗಳು ಹಲವು, ಅಂಥ ಹಾಳೂರುಗಳ ದೇವರನ್ನು ವರ್ಷಕ್ಕೊಮ್ಮೆ ಹೋಗಿ ಪೂಜಿಸುವ ಮನೆತನಗಳು ಪಕ್ಕದ ಹಳ್ಳಿಗಳಲ್ಲಿ ಈಗಲೂ ಇವೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಹೊಸ ಕಂದಾಯ ಗ್ರಾಮದ ಗಡಿ ಗುರುತಿಸಿ ನಕ್ಷೆ ತಯಾರಿಸುವ ಹಂತದಲ್ಲಿಯೇ ಊರಿನ ಹಿರಿಯರ ಹೇಳಿಕೆಗಳನ್ನು ಅವರ ಭಾಷೆಯಲ್ಲಿ, ಸಾಧ್ಯವಾದರೆ ಧ್ವನಿಮುದ್ರಣದೊಂದಿಗೆ ದಾಖಲಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಇನ್ನೊಂದನ್ನು ಜಿಲ್ಲಾ ಮಟ್ಟದಲ್ಲಿ ಇಡಬೇಕು. ಹತ್ತಿರದ ಪ್ರೌಢಶಾಲೆಯ ಶಿಕ್ಷಕರೂ ಕಾಲೇಜಿನ ವಿದ್ಯಾರ್ಥಿಗಳೂ ಇದಕ್ಕೆ ಸಾಕು, ದೊಡ್ಡ ಖರ್ಚಿನ ಯೋಜನೆಯೇನೂ ಬೇಕಿಲ್ಲ. ಕೇಳುವವರು ಮುಖಂಡರ ಮನೆಯ ಜಗುಲಿಯಲ್ಲೇ ನಿಲ್ಲದೆ ಎಲ್ಲ ಕೇರಿಗಳಿಗೂ ಹೋಗಬೇಕು, ಹೆಂಗಸರನ್ನು ತಪ್ಪದೆ ಮಾತನಾಡಿಸಬೇಕು. ಊರಿಗೆ ಮೊದಲು ಬಂದವರು ನಾವು ಎಂದು ಎರಡು ಮನೆತನದವರು ಹೇಳಿದರೆ ಎರಡನ್ನೂ ಬರೆದುಕೊಳ್ಳಬೇಕು. ತೀರ್ಪು ಕೊಡಲು ಹೋಗಬಾರದು, ಇಲ್ಲವಾದರೆ ಈ ದಾಖಲೆಯೇ ಮುಂದೆ ಜಗಳಕ್ಕೆ ಕಾರಣವಾದೀತು. ಹೊಸ ಗ್ರಾಮಕ್ಕೆ ಹೆಸರಿಡುವಾಗ ಜನ ಬಳಸುತ್ತ ಬಂದ ಹೆಸರನ್ನೇ ಉಳಿಸಬೇಕು, ಬದಲಿಸಲೇಬೇಕೆಂದು ಗ್ರಾಮಸ್ಥರು ಬಯಸಿದರೆ ಹಳೆಯ ಹೆಸರನ್ನೂ ದಾಖಲೆಯಲ್ಲಿ ನಮೂದಿಸಬೇಕು.

ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ವಾರಕ್ಕೊಂದರಂತೆ ಇಂಥ ಹೊಸ ಗ್ರಾಮದ ಹುಟ್ಟು ಬೆಳವಣಿಗೆಯನ್ನು ಅಲ್ಲಿನವರಿಂದಲೇ ಬರೆಯಿಸಿ ಪ್ರಕಟಿಸಿದರೆ ಸರ್ಕಾರದ ಆದೇಶಕ್ಕೆ ಕಾಯದೆಯೇ ಈ ಕೆಲಸ ಆರಂಭವಾಗುತ್ತದೆ. ದಯವಿಟ್ಟು ಪರಿಶೀಲಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ